ಒಂದೆಲಗ ನಿಲ್ಲಿಸಿದ ಮೇಲೆ

ಜೂನ್ 4, ಬುಧವಾರ

ಅತ್ತೆ ಇವತ್ತು ಬಸ್ ಡಿಪೋದಲ್ಲಿ ಸಿಕ್ಕಿದರು.

ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಯಾವುದೋ ಹೋಟೆಲಿನ ಪರದೆಗಳಿಗೆ ನೆರಿಗೆ ಹಿಡಿಯುತ್ತಿದ್ದೆ. ಕೆಳಗಿನ ಮನೆಯಾಕೆ ಫೋನ್ ಮಾಡಿ, "ನಿಮ್ಮನೆ ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಕಾಣ್ತಿಲ್ಲ" ಎಂದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅಲ್ಲೇ ಉಗಿದು ಓಡಿದೆ. ಎಲ್ಲಿ ಹುಡುಕಬೇಕೆಂದು ಕಾಲಿಗೇ ಗೊತ್ತಿತ್ತೇನೋ. ಡಿಪೋದ ಕಾವಲುಗಾರ ಅತ್ತೆಯನ್ನು ನೆರಳಿನಲ್ಲಿ ಕೂರಿಸಿ ನೀರು ಕೊಟ್ಟಿದ್ದ. ಒಂದು ಕಾಲಿನಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅವರದು.

"ಮಗನ ಪಾಳಿ ಮುಗೀತಾ ಅಂತ ಕೇಳ್ತಿದ್ದಾರೆ" ಎಂದು ಹೇಳಿ ಅವನು ಬೇರೆ ಕಡೆ ನೋಡಿದ.

ಮಗ, ಎಂದರೆ ನನ್ನ ಗಂಡ, ಆ ಡಿಪೋದಲ್ಲೇ ಬಸ್ ಓಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಸ್ಟಾಪಿನಲ್ಲಿ ಬಸ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆ ಇಟ್ಟವರು ಮತ್ತೆ ಎತ್ತಲಿಲ್ಲ. ನಿದ್ದೆ ಹತ್ತಿತೇನೋ ಎಂದು ಪ್ರಯಾಣಿಕರು ಸ್ವಲ್ಪ ಹೊತ್ತು ಕಾದರಂತೆ.

ಮರೆವಿನ ಡಾಕ್ಟರು ಹೋದ ತಿಂಗಳೇ ಹೇಳಿದ್ದರು, ಹೋಗಿದ್ದು ತಿರುಗಿ ಬರುವುದಿಲ್ಲ, ಇರುವುದು ನಿಧಾನವಾಗಿ ಹೋಗುವಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು. ಮಾತ್ರೆ ನಡೆಯುತ್ತಿದೆ. ನಾದಿನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳಿರುವುದು ದೂರದ ಊರಿನಲ್ಲಿ, ಅತ್ತುಬಿಟ್ಟಳು. "ಅತ್ತಿಗೆ, ಗಿಡಮೂಲಿಕೆ ಕೊಟ್ಟು ನೋಡೋಣ. ಇನ್ನು ಕಳ್ಕೊಳ್ಳೋಕೆ ಏನಿದೆ?"

ಸಂಜೆ ಬಾಲ್ಕನಿಯಿಂದ ಅತ್ತೆಯ ಮಾತು ಕೇಳಿಸಿತು. ಇಣುಕಿದೆ. ಎದುರಿಗೆ ಇದ್ದದ್ದು ಖಾಲಿ ಬೆತ್ತದ ಕುರ್ಚಿ. ಒಂದು ಮಾತು ಆಡುವುದು, ಸುಮ್ಮನಾಗುವುದು, ತಲೆಯಾಡಿಸುವುದು, ಮತ್ತೆ ಮಾತು. ಅವರ ಮಾತಿಗೆ ನನಗೆ ಹೆದರಿಕೆಯಾಗಲಿಲ್ಲ. ನಡುವೆ ಸುಮ್ಮನಾಗುತ್ತಿದ್ದರಲ್ಲ, ಅದಕ್ಕೆ ಮೈ ಜುಮ್ಮೆಂದಿತು.

ಇದನ್ನು ಯಾರಿಗೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ 8, ಭಾನುವಾರ

ಗಿಡಮೂಲಿಕೆ ಮಾರುವಾಕೆಯನ್ನು ಎಲ್ಲರೂ ಬೇರಮ್ಮ ಎನ್ನುತ್ತಾರೆ. ಸಂದಿನಂಥ ಅಂಗಡಿ. ಮೇಲಿನಿಂದ ಒಣಗಿದ ಕಟ್ಟುಗಳು ತೂಗಾಡುತ್ತವೆ, ತಲೆ ತಗ್ಗಿಸಿಯೇ ಒಳಗೆ ಹೋಗಬೇಕು.

"ಎಷ್ಟು ದಿನದಿಂದ ಮರೆವು ಅಜ್ಜಿ?" ಎಂದು ನನ್ನ ಜೊತೆ ಬಂದಿದ್ದ ಅತ್ತೆಯನ್ನು ಕೇಳಿದರು.

"ನನಗೆಲ್ಲಿಯ ಮರೆವು? ಇದ್ದಿದ್ರೆ ನೆನಪಿರ್ತಿರಲಿಲ್ವಾ?" ಎಂದರು ಅತ್ತೆ. ಬೇರಮ್ಮ ನಕ್ಕರು, ಅತ್ತೆಯೂ ನಕ್ಕರು. ಬಹಳ ದಿನವಾಗಿತ್ತು ಅವರು ನಕ್ಕು.

ಹಸಿ ಒಂದೆಲಗದ ಸೊಪ್ಪು, ಬ್ರಾಹ್ಮಿಯ ಪುಡಿ, ಒಂದು ಸಣ್ಣ ತುಂಡು ಬಜೆ ಕೊಟ್ಟರು. ಸೊಪ್ಪನ್ನು ಅರೆದು, ಸೋಸಿ, ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಸಬೇಕಂತೆ. "ವಾಸಿ ಆಗುತ್ತಾ?" ಎಂದೆ.

"ಮದ್ದು ಕೊಡ್ತೀನಮ್ಮ, ಮಾತು ಕೊಡಲ್ಲ. ನಿಮ್ಮ ಡಾಕ್ಟರಿಗೂ ತೋರಿಸಿ, ಮುಚ್ಚಿಡಬೇಡಿ."

ಡಾಕ್ಟರು ಬಜೆಯನ್ನು ಬೇಡವೇ ಬೇಡ ಎಂದು ಪಕ್ಕಕ್ಕಿಟ್ಟರು. ಬ್ರಾಹ್ಮಿ ಮಾತ್ರೆಯ ಜೊತೆ ಸೇರಿದರೆ ನಾಡಿ ನಿಧಾನವಾಗಬಹುದು, ಅದೂ ಬೇಡ. ಸೊಪ್ಪು ಬೇಕಾದರೆ ಕೊಡಿ, ತಲೆಸುತ್ತು ಬಂದರೆ ನಿಲ್ಲಿಸಿ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಎಂದರು. ನನ್ನ ಆಸೆ ದೊಡ್ಡದಲ್ಲ. ಆ ಕುರ್ಚಿಯ ಜೊತೆ ಮಾತು ನಿಂತರೆ ಸಾಕು.

ಜೂನ್ 15, ಭಾನುವಾರ

ಇವತ್ತು ತಡೆಯಲಾರದೆ ಹೇಳಿಬಿಟ್ಟೆ.

"ಯಾರ ಹತ್ರ ಮಾತಾಡ್ತಿದ್ದೀರಿ ಅತ್ತೆ?"

"ನಿನ್ನ ಗಂಡನ ಹತ್ರ. ಇನ್ಯಾರ ಹತ್ರ?"

"ಅವರಿಲ್ಲ ಅತ್ತೆ. ತೀರಿಕೊಂಡು ಎರಡು ವರ್ಷ ಆಯ್ತು."

ಅತ್ತೆಯ ಮುಖ ನನ್ನ ಕಣ್ಣೆದುರೇ ಬಿಳುಚಿಕೊಂಡಿತು. "ನನಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದರು. ಆಮೇಲೆ ಅತ್ತ ರೀತಿ ಬರೆಯಲಾರೆ. ಅಂದು ಆಸ್ಪತ್ರೆಯ ವರಾಂಡದಲ್ಲಿ ಹೇಗೆ ಅತ್ತಿದ್ದರೋ ಹಾಗೇ, ಅದೇ ದನಿಯಲ್ಲಿ. ಮುಖ ತೊಳೆಸಿ ಮಲಗಿಸಿದೆ. ಎದ್ದವರು, "ಅವನು ಬಂದ್ನಾ? ಊಟ ಮಾಡ್ದನಾ?" ಎಂದು ಕೇಳಿದರು.

ಬಂದರು, ಮಾಡಿದರು ಎಂದೆ. ಒಂದೇ ಸಾವನ್ನು ಒಬ್ಬ ತಾಯಿಗೆ ಎಷ್ಟು ಸಲ ಹೇಳುವುದು?

ಬಾಲ್ಕನಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಬಟ್ಟೆಯನ್ನು ಬಚ್ಚಲಲ್ಲೇ ಒಣಗಹಾಕುತ್ತೇನೆ.

ಜೂನ್ 24, ಮಂಗಳವಾರ

ಕೆಲಸದಿಂದ ಬಂದು ಇನ್ನೂ ಬಾಗಿಲ ಚಿಲಕ ಹಾಕಿರಲಿಲ್ಲ. ಬಾಲ್ಕನಿಯಿಂದಲೇ ಅತ್ತೆ ಕೂಗಿ ಹೇಳಿದರು: "ಪಿನ್ನಮ್ಮ ಬಂದ್ಲಾ ಅಂತ ಕೇಳ್ತಿದ್ದಾನೆ ನೋಡೇ."

ಚಿಲಕ ಹಾಕುವುದನ್ನೇ ಮರೆತೆ.

ಮದುವೆಯಾದ ಹೊಸತರಲ್ಲಿ, ಬಾಯ್ತುಂಬ ಗುಂಡುಸೂಜಿ ಇಟ್ಟುಕೊಂಡು ಹೊಲಿಯುತ್ತಿದ್ದವಳನ್ನು ನೋಡಿ ಅವರು, "ಚಿನ್ನಮ್ಮ ಅನ್ನೋಣ ಅಂದ್ರೆ ನೀನು ಪಿನ್ನಮ್ಮ ಆಗಿದ್ದೀಯಲ್ಲೇ" ಎಂದಿದ್ದರು. ಕೋಣೆಯ ಒಳಗೆ ಮಾತ್ರ ಕರೆಯುತ್ತಿದ್ದ ಹೆಸರು. ಅತ್ತೆಯ ಮುಂದೆ ಎಂದೂ ಬಾಯಿಗೆ ಬಂದದ್ದಿಲ್ಲ. ಗೋಡೆ ತೆಳುವಾಗಿದೆ, ಕೇಳಿಸಿರಬಹುದು. ಹೌದು, ಗೋಡೆ ತೆಳುವೇ. ಪಕ್ಕದ ಮನೆಯವರು ಕೆಮ್ಮಿದರೂ ಕೇಳುತ್ತದೆ.

ಇವತ್ತು ಕೆಲಸದಲ್ಲಿ ಒಂದು ಪರದೆಯನ್ನು ತಲೆಕೆಳಗಾಗಿ ಹೊಲಿದಿದ್ದೆ. ನಾಳೆ ಬಿಚ್ಚಬೇಕು.

ಜುಲೈ 1, ಮಂಗಳವಾರ

ಎದುರಾಡಬೇಡಿ, ಅವರ ದಾರಿಯಲ್ಲೇ ಹೋಗಿ ಎಂದು ಡಾಕ್ಟರೇ ಹೇಳಿದ್ದಾರೆ. ಅದಕ್ಕೆ ಈಗ ನಾನೂ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಕೂರುತ್ತೇನೆ. ಅತ್ತೆಗೆ ಸಮಾಧಾನವಾಗುತ್ತದೆ.

"ಏನಂತಾರೆ?" ಎಂದು ಕೇಳಿದೆ.

"ಬೆನ್ನು ನೋವಂತೆ. ಹೊಸ ಬಸ್ಸಿನ ಸೀಟು ಸರಿಯಿಲ್ಲವಂತೆ."

"ಮತ್ತೆ?"

"ನೀನು ಸೊರಗಿದ್ದೀಯಂತೆ."

ಕುರ್ಚಿಯ ಬೆತ್ತ ಒಂದು ಕಡೆ ಹರಿದಿದೆ. ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಯಲ್ಲಿ ಒಂದು ದಿಂಬು ಹೊಲಿದು ತಂದೆ. ಬೆನ್ನಿಗೆ ಆಸರೆ ಬೇಕಲ್ಲ. ಅಂಗಡಿಯ ಯಜಮಾನರು, "ಈಚೆಗೆ ಗಡಿಯಾರ ನೋಡ್ತಾನೇ ಇರ್ತೀಯ" ಎಂದರು. ಅತ್ತೆ ಒಬ್ಬರೇ ಇರುತ್ತಾರೆ ಎಂದೆ.

ಜುಲೈ 13, ಭಾನುವಾರ

ಒಂದೆಲಗ ಕೈ ಹಿಡಿದ ಹಾಗಿದೆ. ಬೆಳಿಗ್ಗೆ ಅತ್ತೆ ತಾವೇ ಬೀರುವಿನ ಬೀಗ ತೆಗೆದರು. ಫೋನಿನಲ್ಲಿ ನಾದಿನಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ವಿಚಾರಿಸಿದರು. ನಾನು ಮನೆಗೆ ತಂದಿದ್ದ ಪರದೆಯ ಅಂಚನ್ನು, ದಾರ ತಾವೇ ಪೋಣಿಸಿಕೊಂಡು, ನನಗಿಂತ ನೆಟ್ಟಗೆ ಹೊಲಿದರು. "ನಿನ್ನ ಕೈ ಯಾಕೆ ಇಷ್ಟು ಸೊಟ್ಟ?" ಎಂದು ಬೈದರು. ನಾದಿನಿ ಫೋನಿನಲ್ಲಿ, "ಅತ್ತಿಗೆ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು" ಎಂದಳು.

ಎಲ್ಲರಿಗೂ ಖುಷಿ. ನನಗೂ.

ಸಂಜೆ ಅತ್ತೆ ಒಳಗೇ ಕೂತು ರೇಡಿಯೋ ಕೇಳಿದರು.

ಜುಲೈ 18, ಶುಕ್ರವಾರ

ಕೆಲಸದಿಂದ ಬಂದು ನೋಡಿದರೆ ಒಗೆದ ಬಟ್ಟೆಯನ್ನೆಲ್ಲ ಬೆತ್ತದ ಕುರ್ಚಿಯ ಮೇಲೆ ಪೇರಿಸಿದ್ದರು. ದಿಂಬು ಅಡಿಯಲ್ಲಿ ಅಪ್ಪಚ್ಚಿಯಾಗಿತ್ತು. ಗಡಬಡಿಸಿ ತೆಗೆದೆ.

"ಯಾಕೆ ಅತ್ತೆ ಇಲ್ಲಿಟ್ರಿ?"

"ಖಾಲಿ ಇತ್ತಲ್ಲ." ಒಂದು ಟವೆಲನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. "ಅವನು ಹೋಗಿ ಎರಡು ವರ್ಷ ಆಯ್ತಲ್ವಾ? ನಾನು ಏನೇನೋ ಮಾತಾಡ್ತಿದ್ದೆ ಅನ್ಸುತ್ತೆ. ನಿನಗೆ ಎಷ್ಟು ಕಷ್ಟ ಆಯ್ತೋ."

ಅತ್ತರು. ಈ ಸಲ ಸದ್ದಿಲ್ಲದೆ, ತಿಳಿದವರು ಅಳುವ ಹಾಗೆ. ನನ್ನ ಕೈ ಹಿಡಿದುಕೊಂಡರು. ಹಿಡಿದುಕೊಳ್ಳಲು ಬಿಟ್ಟೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ನಾನು ಬೇಡಿದ್ದು ಇದನ್ನೇ ತಾನೆ?

ಜುಲೈ 21, ಸೋಮವಾರ

ಸೊಪ್ಪು ಬಾಡಿತ್ತು. ಅರೆಯಲಿಲ್ಲ.

ಜುಲೈ 25, ಶುಕ್ರವಾರ

ಬೇರಮ್ಮನ ಅಂಗಡಿಯ ಮುಂದೆಯೇ ಹಾದು ಬಂದೆ. ಒಂದೆಲಗ ತಾಜಾ ಇತ್ತು. ಅವರು ಕೈಯೆತ್ತಿ ಕರೆದರು. ಬಸ್ಸಿಗೆ ಹೊತ್ತಾಯಿತು ಎಂದೆ.

ಅತ್ತೆ ಬೆಳಿಗ್ಗೆ ಎದ್ದೊಡನೆ, "ನನ್ನ ಹಸಿರು ಕಷಾಯ ಎಲ್ಲಿ?" ಎನ್ನುತ್ತಾರೆ. ಪಾಲಕ್ ಅರೆದು ಕೊಟ್ಟೆ. ಬಣ್ಣ ಒಂದೇ. ಪಾಲಕ್ ಒಳ್ಳೆಯದೇ, ರಕ್ತಕ್ಕೆ ಒಳ್ಳೆಯದು.

"ಇವತ್ತು ಕಹಿನೇ ಇಲ್ಲ" ಎಂದು ಪೂರ್ತಿ ಕುಡಿದರು.

ನಾದಿನಿ ಕೇಳಿದರೆ ತಲೆಸುತ್ತು ಬರುತ್ತಿತ್ತು ಎಂದರಾಯಿತು.

ಆಗಸ್ಟ್ 3, ಭಾನುವಾರ

ಇವರು ಬಂದಿದ್ದಾರೆ.

ಸಂಜೆ ಅತ್ತೆ ತಾವಾಗಿಯೇ ಎದ್ದು ಬಾಲ್ಕನಿಗೆ ಹೋದರು. ಕುರ್ಚಿಯ ಕಡೆ ತಿರುಗಿ, "ಎಲ್ಲಿಗೆ ಹೋಗಿದ್ಯೋ ಇಷ್ಟು ದಿನ?" ಎಂದರು. ನಾನು ಕೈಯಲ್ಲಿದ್ದ ಪಾತ್ರೆಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ಆಮೇಲೆ ಮಂಚದ ಮೇಲೆ ಸಿಕ್ಕಿತು. ಹೋಗಿ ಕೂತೆ. ದೂರದ ರೂಟಿಗೆ ಹಾಕಿದ್ದರಂತೆ. ರಸ್ತೆ ಕೆಟ್ಟಿತ್ತಂತೆ. ಇವರ ಮಾತೇ ಹೀಗೆ, ಕೇಳಿದ್ದಕ್ಕೆ ಉತ್ತರ ಬರುವ ಮೊದಲು ರಸ್ತೆಗೊಂದು ಬೈಗುಳ. ಹೋಟೆಲಿನವರು ನೀಲಿ ಪರದೆ ಬೇಡವೆಂದು ಹಿಂದಕ್ಕೆ ಕಳಿಸಿದ್ದನ್ನು ಹೇಳಿದೆ. ಇವರು ನಕ್ಕರಂತೆ. ಬೀದಿದೀಪ ಹತ್ತುವವರೆಗೂ ಕೂತಿದ್ದೆವು, ಮೂವರೂ.

ಇವರ ಬಿಳಿ ಅಂಗಿಯನ್ನು ಒಮ್ಮೆ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದೆ. ಬೀರುವಿನಲ್ಲೇ ಇದ್ದರೆ ಹಳದಿಯಾಗುತ್ತದೆ.

ಮಲಗುವ ಮುಂಚೆ ಅತ್ತೆ ನನ್ನನ್ನು ನೋಡಿ, "ನೀನು ಯಾರ ಮನೆಯವಳಮ್ಮ?" ಎಂದರು. ದಣಿದಿದ್ದರು ಪಾಪ.

ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬರುವ ಹಾಗಿದೆ.

ಆಗಸ್ಟ್ 9, ಶನಿವಾರ

ಅತ್ತೆಯ ಕೈ ಸುಟ್ಟಿದೆ.

ನಾನು ಬಾಲ್ಕನಿಯಲ್ಲಿದ್ದೆ. ಮಗನಿಗೆ ಚಹಾ ಮಾಡುತ್ತೇನೆಂದು ಅವರು ಎದ್ದುಹೋದರು. ನಾನು ಮಾತಾಡುತ್ತಲೇ ಇದ್ದೆ. ಮಾತಾಡುತ್ತಿದ್ದದ್ದು ನಾನೊಬ್ಬಳೇ. ಅತ್ತೆ ಒಳಗಿದ್ದರು, ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ, ಆದರೂ ಮಾತಾಡುತ್ತಿದ್ದೆ. ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿಸಿತು. ತಕ್ಷಣ ಏಳಲಿಲ್ಲ. ಮಾತು ಅರ್ಧದಲ್ಲಿತ್ತು.

ಅವರು ಚೀರಲಿಲ್ಲ. ಹೊರಗೆ ಬಂದು, ಕೆಂಪಗಾದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನಗೆ ತೋರಿಸಿದರು. "ಇದು ಯಾರ ಕೈ? ತುಂಬಾ ಉರೀತಿದೆ."

ಆಗಸ್ಟ್ 11, ಸೋಮವಾರ

ಕೈ ಸುಟ್ಟ ಸುದ್ದಿ ಕೇಳಿ ನಾದಿನಿ ಬಂದಳು. ಬೆಳಿಗ್ಗೆ ನಾನು ಅರೆದು ತುಂಬಿಟ್ಟಿದ್ದ ಲೋಟವನ್ನು ತಾಯಿಗೆ ಕೊಡಲು ಎತ್ತಿದವಳು ಮೂಸಿ ನೋಡಿದಳು. ಒಂದು ಗುಟುಕು ಕುಡಿದಳು.

"ಅತ್ತಿಗೆ, ಇದು ಪಾಲಕ್ಕು."

ತಲೆಸುತ್ತಿನ ಸುಳ್ಳು ಬಾಯಿಗೆ ಬಂದಿತ್ತು. ಆದರೆ ಅವಳ ಹುಬ್ಬು, ಮೂಗು ಎಲ್ಲ ಅಣ್ಣನದೇ. ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ನಿಂತಲ್ಲೇ ಕೇಳಿದಳು.

"ನನಗೂ ಅಣ್ಣ ಬೇಕು ಅತ್ತಿಗೆ. ಆದ್ರೆ ಅಮ್ಮನ್ನ ಕೊಟ್ಟು ಅಲ್ಲ."

ಕೈಯ ಪಟ್ಟಿ ಬದಲಾಯಿಸಲು ಹೋದಾಗ ಅವಳೇ ಮರೆವಿನ ಡಾಕ್ಟರನ್ನು ಕಂಡು ಕೇಳಿದಳಂತೆ. ಸೊಪ್ಪಿನಿಂದಲೇ ಚೇತರಿಸಿಕೊಂಡಿದ್ದು, ನಿಲ್ಲಿಸಿದ್ದರಿಂದಲೇ ಕುಸಿದದ್ದು ಎಂದು ಹೇಳಲು ಬರುವುದಿಲ್ಲ, ಈ ಕಾಯಿಲೆಯಲ್ಲಿ ಒಳ್ಳೆಯ ವಾರಗಳು ತಾವಾಗಿಯೇ ಬಂದು ಹೋಗುತ್ತವೆ ಎಂದರಂತೆ. ನನಗೆ ಹಗುರವಾಗಲೆಂದು ಹೇಳಿದಳೇನೋ. ಸೊಪ್ಪು ಕೆಲಸ ಮಾಡುತ್ತಿದೆ ಎಂದು ನಂಬಿಯೇ ನಾನು ನಿಲ್ಲಿಸಿದ್ದು. ಅದು ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ.

ಗುರುವಾರ ತಾಯಿಯನ್ನು ತನ್ನ ಊರಿಗೆ ಕರೆದುಕೊಂಡು ಹೋಗುತ್ತಾಳಂತೆ. ಬೇಡ ಎನ್ನಲು ನನಗೆ ಯಾವ ಬಾಯಿ?

ಆಗಸ್ಟ್ 13, ಬುಧವಾರ

ನಾದಿನಿ ಟಿಕೆಟ್ ತರಲು ಹೋಗಿದ್ದಳು. ಅತ್ತೆಗೆ ಊಟ ಮಾಡಿಸುತ್ತಿದ್ದೆ. ಎರಡು ತುತ್ತು ತಿಂದು, ನನ್ನ ಕೈ ತಡೆದರು. ಅವರ ಕಣ್ಣು ನೋಡಿದೆ. ತಿಳಿಯಾಗಿತ್ತು.

"ಅವನು ದಿನಾ ಬರ್ತಿರಲಿಲ್ಲ ಕಣೇ."

ತುತ್ತನ್ನು ತಟ್ಟೆಗೇ ಇಳಿಸಿದೆ.

"ಕೆಲವು ದಿನ ಬರ್ತಿದ್ದ, ನಿಜ. ಕೆಲವು ದಿನ ನನಗೆ ಗೊತ್ತಿರ್ತಿತ್ತು, ಇಲ್ಲ ಅಂತ. ಆದ್ರೆ ನೀನು ಕೆಲಸದಿಂದ ಬಂದವಳು ಚಪ್ಪಲಿನೂ ಬಿಡದೆ ಬಾಗಿಲಲ್ಲಿ ನಿಂತು ನನ್ನ ಬಾಯೇ ನೋಡ್ತಿದ್ದೆ. ಹಸಿದ ಮಗು ನೋಡೋ ಹಾಗೆ. ಏನಾದ್ರೂ ಹೇಳ್ಬೇಕಿತ್ತಲ್ಲ, ಹೇಳ್ದೆ."

"ಯಾವ ದಿನ ಅತ್ತೆ? ಯಾವ ಮಾತು ನಿಮ್ಮದು, ಯಾವುದು ಅವರದು?"

ಬಹಳ ಹೊತ್ತು ಯೋಚಿಸಿದರು. ನಿಜವಾಗಿ ಹುಡುಕಿದರು, ಹಣೆಯಲ್ಲಿ ಗೆರೆ ಮೂಡಿತು. "ಅದು ಜ್ಞಾಪಕಕ್ಕೆ ಬರ್ತಿಲ್ಲಮ್ಮ."

"ಪಿನ್ನಮ್ಮ ಅಂದ್ರಲ್ಲ ಒಂದಿನ?"

"ಅದ್ಯಾರು?"

ಮೂರನೆಯ ತುತ್ತು ಕೊಟ್ಟೆ. ಬಾಯಿ ತೆರೆದರು.

ಆಗಸ್ಟ್ 14, ಗುರುವಾರ

ಹೋದರು. ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಭುಜ ಹಿಡಿದುಕೊಂಡಿದ್ದರು. ಕೆಳಗೆ ಬಂದ ಮೇಲೆ, "ಉಪಕಾರ ಆಯ್ತಮ್ಮ, ಒಳ್ಳೇದಾಗ್ಲಿ" ಎಂದರು, ದಾರಿಯಲ್ಲಿ ಸಿಕ್ಕವರಿಗೆ ಹೇಳುವ ಹಾಗೆ. ಒಂದೆಲಗದ ಒಂದು ದೊಡ್ಡ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಾದಿನಿಯ ಚೀಲದಲ್ಲಿಟ್ಟೆ. ಅವಳು ಬೇಡವೆನ್ನಲಿಲ್ಲ.

ಆಗಸ್ಟ್ 19, ಮಂಗಳವಾರ

ಬಾಲ್ಕನಿಯಲ್ಲಿ ದಿನವೂ ಕೂತು ನೋಡಿದೆ. ಬಸ್ಸುಗಳ ಸದ್ದು ಕೇಳುತ್ತದೆ. ಬೇರೇನೂ ಇಲ್ಲ. ಅವರು ನನ್ನ ಹತ್ತಿರ ಬಂದವರೇ ಅಲ್ಲ, ಬಂದಿದ್ದರೆ ತಾಯಿಯ ಹತ್ತಿರ ಬಂದಿದ್ದರು. ಬಿಳಿ ಅಂಗಿ ಇನ್ನೂ ಮೊಳೆಯಲ್ಲೇ ನೇತಾಡುತ್ತಿತ್ತು. ಒಳಗಿಡೋಣವೆಂದು ತೆಗೆದೆ. ಬರೀ ಇಸ್ತ್ರಿಯ ವಾಸನೆ.

ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎರಡು ವರ್ಷದಲ್ಲಿ ಮೊದಲ ಸಲ, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ.

ಆಗಸ್ಟ್ 24, ಭಾನುವಾರ

ನಾದಿನಿ ಫೋನ್ ಮಾಡಿದ್ದಳು. ಸೊಪ್ಪು ಕೊಡುತ್ತಿದ್ದಾಳಂತೆ, ಅಲ್ಲೂ ಸಿಗುತ್ತದಂತೆ. ಕೈಯ ಗಾಯ ಒಣಗಿದೆ. ಆಮೇಲೆ ಹೇಳಿದಳು:

"ಅಮ್ಮ ಇಲ್ಲೂ ಶುರು ಮಾಡಿದ್ದಾಳೆ ಅತ್ತಿಗೆ. ಸಂಜೆ ಆದ್ರೆ ಕಿಟಕಿ ಪಕ್ಕ ಕೂತು ಮಾತು."

"ಅವರ ಹತ್ರಾನಾ?"

"ಅಲ್ಲ. ನಿಮ್ಮ ಹತ್ರ."

ನನಗೆ ಅರ್ಥವಾಗಲಿಲ್ಲ. "ನಾನು ಇದ್ದೀನಲ್ಲ" ಎಂದೆ.

"ನಾನೂ ಅದೇ ಹೇಳ್ದೆ. ನನ್ನ ಸೊಸೆ ಹೋಗಿ ಬಹಳ ದಿನ ಆಯ್ತು, ಸಂಜೆ ಹೊತ್ತು ಬಂದು ಹೋಗ್ತಾಳೆ ಅಂತಾಳೆ."

ಫೋನನ್ನು ಅವರಿಗೆ ಕೊಡು ಎಂದೆ.

"ಯಾರಮ್ಮಾ?" ಅತ್ತೆಯ ದನಿ.

"ನಾನು, ಅತ್ತೆ."

"ಆಮೇಲೆ ಮಾಡಮ್ಮ, ಈಗ ಆಗಲ್ಲ. ನನ್ನ ಸೊಸೆ ಬಂದು ಕೂತಿದ್ದಾಳೆ. ಪಾಪ, ಏನೂ ತಿಂದಿಲ್ವಂತೆ."

ಫೋನನ್ನು ಎಲ್ಲೋ ಇಟ್ಟುಬಿಟ್ಟರು. ಕಟ್ಟಾಗಿರಲಿಲ್ಲ. ಅಲ್ಲಿ ಅವರು ಆ ಸೊಸೆಯನ್ನು ವಿಚಾರಿಸುತ್ತಿದ್ದದ್ದು ಕೇಳುತ್ತಲೇ ಇತ್ತು. ಒಬ್ಬಳೇ ಹೇಗಿದ್ದೀಯೇ? ರಾತ್ರಿ ಹೆದರಿಕೆ ಆಗಲ್ವಾ? ನಾನು ಜೋರಾಗಿ ಉತ್ತರ ಹೇಳಿದೆ. ಹೆದರಿಕೆಯಾಗುತ್ತದೆ ಅತ್ತೆ, ಆಗುತ್ತದೆ ಎಂದೆ. ಅವರಿಗೆ ಕೇಳಿಸಲಿಲ್ಲ. ಅವಳು ಏನು ಹೇಳಿದಳೋ, "ಹಾಗಂದ್ರೆ ಸರಿ ಬಿಡು" ಎಂದರು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಯಜಮಾನರಿಗೆ ಹೇಳಿದ್ದೇನೆ, ಅಂಚು ಹೊಲಿಯುವ ಕೆಲಸವನ್ನು ಅಲ್ಲಿಗೇ ಕಳಿಸುತ್ತಾರಂತೆ. ಬಾ ಎಂದು ನಾದಿನಿ ಕರೆದಿಲ್ಲ. ಬಾಗಿಲಲ್ಲಿ ನಿಂತವಳನ್ನು ಹೋಗು ಎನ್ನಲಾರಳು.

ಈಗ ಎದ್ದು ಏನಾದರೂ ಮಾಡಿಕೊಂಡು ತಿನ್ನಬೇಕು. ನಾಳೆ ಅವರು ಕೇಳಿದರೆ, ಊಟ ಆಗಿದೆ ಅತ್ತೆ ಎಂದು ನಾನೇ ಹೇಳಬೇಕು.